ಬಾಗಿದ ಬೆನ್ನಿಗೆ ಕಾರಣ ಎಲ್ಲಿದೆ?

ಮುಂಗಾರು ಹಿಡಿದು ಮೂರು ವಾರ ಕಳೆದರೆ ಹಾನಗಲ್ಲ ಸೀಮೆಯಲ್ಲಿ ಕೂರಿಗೆ ಭತ್ತದ ಸಾಲುಗಳು ಹಸಿರಾಗಿ ಎದ್ದು ಕಾಣುತ್ತವೆ. ಅವುಗಳ ಹಿಂದೆಯೇ ಕಸವೂ ಏಳುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಕುರ್ಚಿಗಿ ಹಿಡಿದ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಸಾಲಿಗೆ ಬಾಗಿರುತ್ತಾರೆ. ಹಿರೇಕೆರೂರ ಕಡೆ ಹೋದರೆ ಇದೇ ಬಾಗು ಹತ್ತಿ, ಗೋವಿನಜೋಳದ ಹೊಲಗಳಲ್ಲಿ. ಶಿಗ್ಗಾವಿ ಕಡೆ ಶೇಂಗಾ, ಸೋಯಾ ಹೊಲಗಳಲ್ಲಿ. ಸವಣೂರಿನ ಎಲೆಬಳ್ಳಿ ತೋಟದಲ್ಲಿ ಕಷ್ಟ ಎರಡು ಬಗೆಯದು. ಮೇಲಿನ ಎಲೆ ಕೊಯ್ಯಲು ಏಣಿ ಏರಿ ಗೋಣು ಮೇಲಕ್ಕೆತ್ತಬೇಕು, ಆಮೇಲೆ ನೆಲಕ್ಕೆ ಕುಳಿತು ಅದೇ ಗೋಣು ತಗ್ಗಿಸಿ ಎಣಿಸಿ ಕಟ್ಟಬೇಕು.

ಹೊಲ ಯಾವುದಾದರೂ ಸಂಜೆಯ ಮಾತು ಒಂದೇ: ‘ನಡಾ ಹಿಡದೈತ್ರಿ.’ ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ಮಲಗುತ್ತಾರೆ, ಬೆಳಗಾದರೆ ಮತ್ತೆ ಹೊಲ. ಹತ್ತಾರು ವರ್ಷ ಹೀಗೇ ನಡೆದ ಮೇಲೆ ಡುಬ್ಬ ಬಾಗುತ್ತದೆ, ವಯಸ್ಸಾಯಿತು ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಇನ್ನೊಂದು ಕಡೆ ಶಾಲೆಯ ಹುಡುಗರಿಗೆ, ಮೊಬೈಲ್ ಹಿಡಿದ ಹರೆಯದವರಿಗೆ ‘ನೆಟ್ಟಗ ಕುಂದ್ರ’ ಎಂಬ ಬೈಗುಳ ತಪ್ಪಿದ್ದಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ದೇಹದ ಭಂಗಿ ಕೆಡುವುದು ಬಹುತೇಕ ಸೋಮಾರಿತನದಿಂದಲ್ಲ. ನಾವು ಮಾಡುವ ಕೆಲಸ ಎಷ್ಟು ತಗ್ಗಿನಲ್ಲಿದೆ, ಕೈಯಲ್ಲಿರುವ ಹತಾರದ ಹಿಡಿ ಎಷ್ಟು ಗಿಡ್ಡ, ಒಂದೇ ಭಂಗಿಯಲ್ಲಿ ಎಷ್ಟು ಹೊತ್ತು ಕಳೆಯುತ್ತೇವೆ ಎಂಬ ಮೂರು ಸಂಗತಿಗಳು ಬೆನ್ನನ್ನು ರೂಪಿಸುತ್ತವೆ. ಇವುಗಳನ್ನು ಬದಲಿಸದೆ ಬರೀ ‘ನೆಟ್ಟಗ ನಿಲ್ಲು’ ಎಂದರೆ ಐದು ನಿಮಿಷಕ್ಕೆ ಬೆನ್ನು ಮೊದಲಿನಂತೆಯೇ ಬಾಗುತ್ತದೆ.

ಒಳ್ಳೆಯ ಭಂಗಿ ಎಂದರೆ

ನೆಟ್ಟಗಿನ ಬೆನ್ನು ಕೋಲಿನಂತೆ ನೇರವಾಗಿರುವುದಿಲ್ಲ. ಹುಟ್ಟುವಾಗ ನಮ್ಮ ಬೆನ್ನುಮೂಳೆಯ ಕಂಬದಲ್ಲಿ 33 ಮೂಳೆಗಳಿರುತ್ತವೆ. ಬೆಳೆದ ಮೇಲೆ ಕೆಳಗಿನವು ಒಂದಕ್ಕೊಂದು ಕೂಡಿಕೊಂಡು, ಬಿಡಿಯಾಗಿ ಅಲ್ಲಾಡುವವು 24 ಉಳಿಯುತ್ತವೆ: ಗೋಣಿನಲ್ಲಿ 7, ಎದೆಯ ಹಿಂದೆ 12, ನಡದಲ್ಲಿ 5. ಗೋಣು ಮತ್ತು ನಡದ ಭಾಗ ಒಳಕ್ಕೆ ತುಸು ಬಾಗಿದ್ದರೆ ಎದೆಯ ಹಿಂದಿನ ಭಾಗ ಹೊರಕ್ಕೆ ತುಸು ಉಬ್ಬಿರುತ್ತದೆ. ಈ ಮೂರರಲ್ಲಿ ಗೋಣಿನ ಮತ್ತು ನಡದ ಬಾಗುಗಳು ಹುಟ್ಟಿನಿಂದ ಪೂರ್ತಿ ಬಂದವಲ್ಲ. ಕೂಸು ಗೋಣು ನಿಲ್ಲಿಸಿದಾಗ, ಆಮೇಲೆ ಎದ್ದು ನಿಂತು ನಡೆದಾಗ ಅವು ಗಟ್ಟಿಯಾಗುತ್ತವೆ. ಭಾರವನ್ನು ಹಂಚಿಕೊಂಡು ಹೊರುವುದಕ್ಕೆ ಬೆನ್ನಿಗೆ ಈ ಬಾಗುಗಳೇ ಬೇಕು. ಒಳ್ಳೆಯ ಭಂಗಿ ಎಂದರೆ ಈ ಸಹಜ ಬಾಗುಗಳು ಉಳಿದಿರುವ, ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲದ ನಿಲುವು. ಎದೆ ಉಬ್ಬಿಸಿ ಸಿಪಾಯಿಯಂತೆ ಬಿಗಿದು ನಿಲ್ಲುವುದಲ್ಲ. ಹಾಗೆ ನಿಂತರೆ ನಡದ ಸ್ನಾಯುಗಳು ಬೇಗ ದಣಿಯುತ್ತವೆ.

ಪರೀಕ್ಷಿಸುವುದು ಸುಲಭ. ಗೌಂಡಿಗಳು ಗೋಡೆಯ ನೇರ ನೋಡುವ ತೂಗುಗುಂಡಿನ ದಾರವನ್ನೇ ದೇಹದ ಪಕ್ಕಕ್ಕೆ ಇಳಿಬಿಟ್ಟು ಫಿಸಿಯೋಥೆರಪಿಯವರು ನೋಡುತ್ತಾರೆ. ಪಕ್ಕದಿಂದ ನೋಡಿದಾಗ ಕಿವಿ, ಭುಜ, ಚಪ್ಪೆಯ ಕೀಲು ಒಂದೇ ಗೆರೆಯಲ್ಲಿದ್ದು, ಆ ಗೆರೆ ಮೊಣಕಾಲನ್ನು ಹಾದು ಹರಡಿನ ತುಸು ಮುಂದೆ ಇಳಿದರೆ ನಿಲುವು ಸರಿಯಿದೆ. ದಾರವಿಲ್ಲದಿದ್ದರೆ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ನಾಲ್ಕು ಬೆರಳಿನಷ್ಟು ಮುಂದಿಟ್ಟು ನಿಲ್ಲಿ. ಕುಂಡಿ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ಮೂರೂ ಗೋಡೆಗೆ ತಾಗಬೇಕು. ನಡದ ಹಿಂದೆ ಒಂದು ಅಂಗೈ ತೂರುವಷ್ಟು ಜಾಗವಿರಬೇಕು. ತಲೆ ಗೋಡೆಗೆ ತಾಗಿಸಲು ಗದ್ದ ಮೇಲೆತ್ತಬೇಕಾಗಿ ಬಂದರೆ ಗೋಣು ಮುಂದೆ ಸರಿದಿದೆ ಎಂದರ್ಥ. ನಡದ ಹಿಂದೆ ಮುಷ್ಟಿಯೇ ತೂರಿದರೆ ಅಲ್ಲಿನ ಬಾಗು ಹೆಚ್ಚಾಗಿದೆ, ಹೊಟ್ಟೆಯ ಸ್ನಾಯು ಸಡಿಲಾಗಿರಬಹುದು.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಭಂಗಿ ಸರಿಯಿದ್ದವರಿಗೂ ನಡ ನೋಯುತ್ತದೆ, ಬಾಗಿದವರೆಲ್ಲರಿಗೂ ನೋಯುವುದಿಲ್ಲ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು ಸವೆಯುವುದರಲ್ಲಿ ದುಡಿಮೆಗಿಂತ ವಂಶದ ಪಾಲು ದೊಡ್ಡದು ಎಂದು ಫಿನ್ಲೆಂಡಿನ ಅವಳಿಗಳ ಮೇಲೆ ನಡೆದ ದೀರ್ಘ ಅಧ್ಯಯನ ತೋರಿಸಿದೆ. ಹಾಗಾಗಿ ನಡನೋವು ಬಂದವರನ್ನು ‘ನೀನೇ ಸರಿಯಾಗಿ ಕೂರಲಿಲ್ಲ’ ಎಂದು ದೂರುವುದು ಅನ್ಯಾಯ. ವಂಶವನ್ನು ಬದಲಿಸಲು ಆಗದು. ಕೆಲಸದ ಎತ್ತರವನ್ನು ಬದಲಿಸಬಹುದು. ಅದಕ್ಕೇ ನಾನು ಆ ಕಡೆಗೆ ಒತ್ತು ಕೊಡುತ್ತಿದ್ದೇನೆ.

ಮೆತ್ತೆಗಳ ಒಳಗೆ

ಮೂಳೆ ಮೂಳೆಗಳ ನಡುವೆ ಇರುವ ಈ ಮೆತ್ತೆಗಳನ್ನು ವೈದ್ಯರು ಡಿಸ್ಕ್ ಎನ್ನುತ್ತಾರೆ. ಒಟ್ಟು 23 ಇವೆ. ದೊಡ್ಡವರಲ್ಲಿ ಇವುಗಳ ಒಳಕ್ಕೆ ನೆತ್ತರು ಹರಿಯುವುದಿಲ್ಲ. ಸುತ್ತಲಿನಿಂದ ನೀರು, ಪೋಷಕಾಂಶ ಒಸರಿ ಒಳಗೆ ಹೋಗಬೇಕು. ಅದಕ್ಕೆ ಬೆನ್ನು ಅಲ್ಲಾಡುತ್ತಿರಬೇಕು. ಹಗಲೆಲ್ಲ ಮೈಭಾರ ಬಿದ್ದು ಇವು ನೀರು ಕಳೆದುಕೊಳ್ಳುತ್ತವೆ, ಸಂಜೆಗೆ ನಾವು ಬೆಳಗಿಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗಿರುತ್ತೇವೆ. ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ.

ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜನರ ನಡದ ಮೆತ್ತೆಯೊಳಕ್ಕೆ ಸೂಜಿ ಇಳಿಸಿ, ಯಾವ ಭಂಗಿಯಲ್ಲಿ ಎಷ್ಟು ಒತ್ತಡ ಎಂದು ಅಳೆದರು. ಮಲಗಿದಾಗ ಅತಿ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಮುಂದಕ್ಕೆ ಬಾಗಿ ಭಾರ ಎತ್ತಿದಾಗ ಎಲ್ಲಕ್ಕಿಂತ ಹೆಚ್ಚು. ಹೊಲದಲ್ಲಿ ದುಡಿಯುವವರಿಗೆ ಇದು ಗೊತ್ತಿರುವ ಸಂಗತಿಯೇ. ಆದರೆ ಮುಂದಿನ ಎರಡು ಸಂಗತಿಗಳು ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಗೊತ್ತಿಲ್ಲ, ಅವನ್ನು ಮನೆಮನೆಗೂ ಮುಟ್ಟಿಸಬೇಕು.

ಒಂದು, ಬೆಳಗಿನ ಹೊತ್ತಿನದು. ಎದ್ದ ಕೂಡಲೇ ಮೆತ್ತೆಗಳು ನೀರು ತುಂಬಿ ಬಿಗಿಯಾಗಿರುತ್ತವೆ. ಆಗ ಪೂರ್ತಿ ಬಾಗಿದರೆ ಅವುಗಳ ಮೇಲಿನ ಎಳೆತ ಹೆಚ್ಚು. ಹಳೆಯ ನಡನೋವಿನವರು ಬೆಳಗಿನ ಮೊದಲ ಎರಡು ಗಂಟೆ ಬಾಗುವುದನ್ನು ತಪ್ಪಿಸಿದರೆ ನೋವು ಕಡಿಮೆಯಾಗುತ್ತದೆ ಎಂದು ಅಮೆರಿಕದ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ನಮ್ಮ ಹೆಣ್ಣುಮಕ್ಕಳ ದಿನಚರಿಯನ್ನು ನೆನೆಯಿರಿ. ಎದ್ದ ತಕ್ಷಣ ಗಿಡ್ಡ ಕಸಬರಿಗೆ ಹಿಡಿದು ಅಂಗಳ ಕಸ, ಆಮೇಲೆ ಸಗಣಿ ಬಾಚುವುದು, ಅಂಗಳ ಸಾರಿಸುವುದು, ರಂಗೋಲಿ. ದಿನದ ಅತಿ ಹೆಚ್ಚು ಬಾಗುವ ಕೆಲಸವೆಲ್ಲ ಬೆನ್ನು ಅದಕ್ಕೆ ತಯಾರಿಲ್ಲದ ಹೊತ್ತಿನಲ್ಲೇ ಬಿದ್ದಿದೆ. ನಡನೋವು ಇರುವ ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಕಸಬರಿಗೆಗೆ ಎದೆಮಟ್ಟದ ಕೋಲು ಕಟ್ಟುವುದು. ಎರಡನೆಯದು, ಸಗಣಿ ಬಾಚುವುದನ್ನು ಮನೆಯ ಗಂಡಸರು ವಹಿಸಿಕೊಳ್ಳುವುದು. ಎದ್ದವಳು ಮೊದಲ ಹೊತ್ತು ನಿಂತು ಮಾಡುವ ಕೆಲಸ ಮಾಡಲಿ, ನೆಲದ ಕೆಲಸ ಆಮೇಲಾಗಲಿ.

ಇನ್ನೊಂದು, ಬಾಗಿ ದುಡಿದ ನಂತರದ್ದು. ಇಪ್ಪತ್ತು ನಿಮಿಷ ಪೂರ್ತಿ ಬಾಗಿಕೊಂಡಿದ್ದರೆ ಬೆನ್ನಿನ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಎಳೆದು ಸಡಿಲಾಗುತ್ತವೆ. ನೆಟ್ಟಗೆ ನಿಂತ ಎರಡು ನಿಮಿಷದಲ್ಲಿ ಅವು ಅರ್ಧದಷ್ಟು ಬಿಗಿ ಪಡೆಯುತ್ತವೆ; ಪೂರ್ತಿ ಮೊದಲಿನಂತಾಗಲು ಅರ್ಧ ಗಂಟೆಯೂ ಸಾಲದು. ಹೊಲದಲ್ಲಿ ಏನಾಗುತ್ತದೆ? ದಿನವೆಲ್ಲ ಬಾಗಿ ಕಸ ತೆಗೆದವಳು ಹೊತ್ತು ಮುಳುಗುವಾಗ ಎಮ್ಮೆಗೆಂದು ಕೂಡಿಟ್ಟ ಹುಲ್ಲಿನ ಹೊರೆಯನ್ನು ಒಮ್ಮೆಗೇ ನೆಲದಿಂದ ಎತ್ತಿ ತಲೆಗೇರಿಸುತ್ತಾಳೆ. ನಡ ‘ಕಳಕ್’ ಎಂದು ಹಿಡಿದುಕೊಳ್ಳುವುದು ಅಲ್ಲಿ. ಹೊರೆ ಎತ್ತುವ ಮೊದಲು ಬುತ್ತಿಗಂಟು ಕಟ್ಟಿಕೊಂಡು, ನೀರು ಕುಡಿದು, ನಾಲ್ಕು ಹೆಜ್ಜೆ ಅಡ್ಡಾಡಿ, ಐದು-ಹತ್ತು ನಿಮಿಷ ನೆಟ್ಟಗೆ ಕಳೆಯಬೇಕು. ಹೊರೆಯನ್ನು ಒಬ್ಬಳೇ ಎತ್ತಬಾರದು, ಬದುವಿನ ಮೇಲಿಟ್ಟುಕೊಂಡು ಇನ್ನೊಬ್ಬರ ಕೈಯಿಂದ ಏರಿಸಿಕೊಳ್ಳಬೇಕು.

ಹತಾರದ ಹಿಡಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಮತ್ತು ಬೀಟ್ ಹೊಲಗಳ ಕೂಲಿಗಳು, ಹೆಚ್ಚಾಗಿ ಮೆಕ್ಸಿಕೋ ಮೂಲದವರು, ದಶಕಗಳ ಕಾಲ ಮೊಳದುದ್ದವೂ ಇಲ್ಲದ ಹಿಡಿಯ ಗುದ್ದಲಿಯಿಂದ ಕಸ ತೆಗೆದರು. ಉದ್ದ ಹಿಡಿ ಕೊಟ್ಟರೆ ಬೆಳೆಗೆ ಪೆಟ್ಟಾಗುತ್ತದೆ ಎಂಬುದು ಮಾಲೀಕರ ವಾದ. ಹರೆಯದಲ್ಲೇ ಬೆನ್ನು ಸವೆದ ಕೂಲಿಗಳ ಬಗ್ಗೆ ವೈದ್ಯರು ಸಾಕ್ಷಿ ಹೇಳಿದರು. ಕೊನೆಗೆ 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕೂಲಿಗಳ ಪರ ನಿಂತಿತು, ಗಿಡ್ಡ ಹಿಡಿಯ ಗುದ್ದಲಿಗೆ ನಿಷೇಧ ಬಂತು. ಉದ್ದ ಹಿಡಿಯಿಂದಲೂ ಅದೇ ಕೆಲಸ ಆಯಿತು, ಬೆಳೆ ಹಾಳಾಗಲಿಲ್ಲ.

ನಮ್ಮ ಕುರ್ಚಿಗಿಯ ಹಿಡಿ ಗೇಣುದ್ದ. ಭತ್ತದ ಬುಡದ ಹುಲ್ಲಿಗೆ ಕೈ ಹೋಗಲೇಬೇಕು, ಅದನ್ನು ಒಪ್ಪುತ್ತೇನೆ. ಆದರೆ ಸಾಲುಗಳ ನಡುವಿನ ಕಸವನ್ನೂ ಬಾಗಿಯೇ ತೆಗೆಯಬೇಕೆಂಬ ನಿಯಮವಿಲ್ಲ. ಎತ್ತಿನ ಎಡೆಕುಂಟೆ ಇದ್ದವರು ಅದನ್ನು ಹೊಡೆಯುತ್ತಾರೆ, ಇಲ್ಲದವರಿಗೆ ನಿಂತೇ ನೂಕುವ ಸೈಕಲ್ ಎಡೆಕುಂಟೆ ಇದೆ. ನೀರು ನಿಂತ ಗದ್ದೆಗೆ ಉರುಳುವ ಹಲ್ಲಿನ ವೀಡರ್ ಸಿಗುತ್ತದೆ. ಅವುಗಳ ಹಿಡಿ ಬಳಸುವವರ ಹೊಕ್ಕಳು ಮತ್ತು ಎದೆಯ ಕೆಳಭಾಗದ ನಡುವಿನ ಎತ್ತರಕ್ಕೆ ಬರಬೇಕು. ಗಂಡಸಿನ ಅಳತೆಗೆ ಮಾಡಿದ ಹಿಡಿ ಹೆಣ್ಣುಮಗಳಿಗೆ ಭುಜ ನೋಯಿಸುತ್ತದೆ, ಗಿಡ್ಡದ್ದು ಮತ್ತೆ ನಡ ಬಾಗಿಸುತ್ತದೆ. ಕೊಳ್ಳುವಾಗ ಯಾರು ಬಳಸುತ್ತಾರೋ ಅವರನ್ನೇ ಅಂಗಡಿಗೆ ಕರೆದೊಯ್ದು ಹಿಡಿಸಿ ನೋಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನವರು ಕೃಷಿ ಮಹಿಳೆಯರ ಶ್ರಮ ತಗ್ಗಿಸುವ ಸಲಕರಣೆಗಳ ಮೇಲೆ ಕೆಲಸ ಮಾಡಿದ್ದಾರೆ. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಯಾವುದು ಎಲ್ಲಿ ಸಿಗುತ್ತದೆಂದು ತಿಳಿಯಬಹುದು.

ಕೈಯಿಂದಲೇ ತೆಗೆಯಬೇಕಾದ ಕಸಕ್ಕೆ ಸಾಲಿನ ಲೆಕ್ಕ ಇಟ್ಟುಕೊಳ್ಳಿ. ಒಂದು ಸಾಲು ಮುಗಿದು ಬದುವಿಗೆ ಬಂದಾಗಲೊಮ್ಮೆ ಎಲ್ಲರೂ ನೆಟ್ಟಗೆ ನಿಂತು, ಎರಡೂ ಕೈ ನಡಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ. ಒಂದು ಸಾಲು ಬಾಗಿ, ಒಂದು ಸಾಲು ಕುಕ್ಕರಗಾಲಲ್ಲಿ, ಒಂದು ಸಾಲು ಒಂದು ಮೊಣಕಾಲೂರಿ ತೆಗೆದರೆ ಒಂದೇ ಕಟ್ಟುಗಳ ಮೇಲೆ ಭಾರ ಕೂಡುವುದಿಲ್ಲ. ಮೊಣಕಾಲು ನೋವಿದ್ದವರು ಕುಕ್ಕರಗಾಲು ಬಿಟ್ಟು ಗಿಡ್ಡ ಮಣೆ ಬಳಸಲಿ. ಗುತ್ತಿಗೆ ಲೆಕ್ಕದಲ್ಲಿ ಕಸ ತೆಗೆಯುವವರು ಬೇಗ ಮುಗಿಸುವ ಆತುರದಲ್ಲಿ ನಿಲ್ಲುವುದೇ ಇಲ್ಲ. ಅಲ್ಲಿ ಮೇಸ್ತ್ರಿಯಾದ ಹೆಣ್ಣುಮಗಳೇ ‘ನಿಲ್ಲರವ್ವಾ’ ಎಂದು ಕೂಗಬೇಕಾಗುತ್ತದೆ.

ಹತ್ತಿ ಬಿಡಿಸುವಾಗ ಬಾಗು ಕಡಿಮೆ, ಆದರೆ ಸೀರೆಯ ಉಡಿ ತುಂಬುತ್ತ ಹೋದಂತೆ ಭಾರವೆಲ್ಲ ಹೊಟ್ಟೆಯ ಮುಂದೆ ಜೋತುಬೀಳುತ್ತದೆ. ಅದನ್ನು ತಡೆಯಲು ನಡ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಸುರಿಯಲ್ಲಿ ಆಗುವಂತೆಯೇ. ಉಡಿ ಅರ್ಧ ತುಂಬಿದಾಗಲೇ ಚೀಲಕ್ಕೆ ಸುರುವಿ ಬರುವುದು ಒಳ್ಳೆಯದು. ಎರಡೂ ಭುಜಕ್ಕೆ ಪಟ್ಟಿ ಬರುವ ಹೊಲಿದ ಚೀಲ ಇನ್ನೂ ಒಳ್ಳೆಯದು, ಊರಿನ ಟೇಲರ್ ಹಳೆಯ ಬಟ್ಟೆಯಲ್ಲೇ ಹೊಲಿದುಕೊಡುತ್ತಾನೆ.

ಚೀಲ, ಪಂಪು, ಟ್ರ್ಯಾಕ್ಟರ್

ಡಿಎಪಿ ಚೀಲ 50 ಕಿಲೋ, ಯೂರಿಯಾ ಚೀಲ ಈಗ 45 ಕಿಲೋ. ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಅದಕ್ಕಿಂತ ಹೆಚ್ಚು ತುಂಬಿದ ಕಾಳಿನ ಚೀಲವನ್ನು ಹಮಾಲರ ಬೆನ್ನಿಗೆ ಹೇರುವುದು ತಪ್ಪು, ಅದಕ್ಕೆ ವಿವರಣೆ ಬೇಕಿಲ್ಲ. ಮನೆಯಲ್ಲಿ ಎತ್ತುವಾಗ ಚೀಲಕ್ಕೆ ಹತ್ತಿರ ನಿಂತು, ಒಂದು ಕಾಲು ಮುಂದಿಟ್ಟು, ಮೊಣಕಾಲು ಮಡಿಸಿ, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಏಳಬೇಕು. ಎದ್ದ ಮೇಲೆ ನಡ ತಿರುವದೆ ಕಾಲನ್ನೇ ತಿರುಗಿಸಬೇಕು. ಬೆನ್ನಿಗೆ ಕೇಡು ಮಾಡುವುದರಲ್ಲಿ ಬಾಗಿ ಎತ್ತುತ್ತಲೇ ತಿರುಗುವುದಕ್ಕೆ ಮೊದಲ ಸ್ಥಾನ.

ಎಣ್ಣಿ ಹೊಡೆಯುವ 16 ಲೀಟರಿನ ಪಂಪು ತುಂಬಿದರೆ ಹತ್ತಿರತ್ತಿರ 20 ಕಿಲೋ. ಅದನ್ನು ನೆಲದಿಂದ ಒಂದೇ ಭುಜಕ್ಕೆ ಎಳೆದುಕೊಳ್ಳುವುದನ್ನು ಬಿಟ್ಟು, ಬಂಡಿಯ ಮೇಲೋ ಬದುವಿನ ಮೇಲೋ ಇಟ್ಟು, ಹಿಂದಿರುಗಿ ನಿಂತು ಎರಡೂ ಪಟ್ಟಿಯಲ್ಲಿ ತೋಳು ತೂರಿಸಬೇಕು. ಪಟ್ಟಿಯನ್ನು ಬಿಗಿಮಾಡಿ ಪಂಪು ಬೆನ್ನಿಗೆ ಹತ್ತಿರ ಕೂರಲಿ, ಕೆಳಕ್ಕೆ ಜೋತಾಡದಿರಲಿ.

ಟ್ರ್ಯಾಕ್ಟರ್ ಹೊಡೆಯುವವರ ತೊಂದರೆ ಬೇರೆ. ಹಿಂದಿನ ರಂಟೆ, ರೋಟವೇಟರ್ ನೋಡುತ್ತ ದಿನವೆಲ್ಲ ಒಂದೇ ಕಡೆಗೆ ತಿರುಗಿ ಕೂರುತ್ತಾರೆ, ಕೆಳಗಿನಿಂದ ಅದುರು ಬೇರೆ. ಎರಡೂ ಕಡೆ ಕನ್ನಡಿ ಹಾಕಿಸುವುದು, ತಿರುಗುವ ಭುಜವನ್ನು ಬದಲಿಸುತ್ತಿರುವುದು, ಸೀಟಿನ ಸ್ಪ್ರಿಂಗನ್ನು ತಮ್ಮ ತೂಕಕ್ಕೆ ಹೊಂದಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಇಳಿಯುವಾಗ ಜಿಗಿಯಬಾರದು. ಅದುರಿಗೆ ಮೈಯೊಡ್ಡಿದ ಬೆನ್ನಿಗೆ ಆ ಜಿಗಿತದ ಪೆಟ್ಟು ಜಾಸ್ತಿ.

ಮನೆಯೊಳಗೆ

ಅಕ್ಕಿಆಲೂರು ಸುತ್ತ ಅಡಿಕೆ ಸುಲಿಯುವ ದಿನಗಳಲ್ಲಿ ಹೆಣ್ಣುಮಕ್ಕಳು ನಡುರಾತ್ರಿಯವರೆಗೂ ಕತ್ತಿಯ ಮುಂದೆ ಕೂರುತ್ತಾರೆ. ಕೂರುವ ಮಣೆ ನಾಲ್ಕು ಬೆರಳು ಎತ್ತರವಾದರೆ ಮೊಣಕಾಲು ಚಪ್ಪೆಗಿಂತ ಕೆಳಗೆ ಬರುತ್ತದೆ, ಆಗ ನಡ ತಾನಾಗಿಯೇ ನೆಟ್ಟಗಾಗುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ, ಪೂಜೆಗೆ ಕೂರುವವರಿಗೂ ಇದೇ ಉಪಾಯ: ಕುಂಡಿಯ ಕೆಳಗೆ ಮಡಿಸಿದ ಕೌದಿ ಇಟ್ಟರೆ ಸಾಕು. ರೊಟ್ಟಿ ಬಡಿಯುವ ಹಲಗೆಯನ್ನೂ ಒಲೆಯನ್ನೂ ಅಡುಗೆ ಕಟ್ಟೆಗೆ ಏರಿಸುವುದಾದರೆ ಕಟ್ಟೆ ಮೊಣಕೈಗಿಂತ ಅರ್ಧ ಗೇಣು ತಗ್ಗಿರಬೇಕು. ಹೊಸ ಮನೆ ಕಟ್ಟುವಾಗ ಗೌಂಡಿಗೆ ಎಲ್ಲರ ಮನೆಯ ಅಳತೆ ಹೇಳಬೇಡಿ, ಮನೆಯಾಕೆಯನ್ನು ನಿಲ್ಲಿಸಿ ಅಳೆಸಿ.

ನಡು ಜೋತುಬಿದ್ದ ಹೊರಸಿನ ಮೇಲೆ ಮಲಗುವ ಹಿರಿಯರು ಅದರ ಹಗ್ಗ ಬಿಗಿ ಮಾಡಿಸಲಿ, ಇಲ್ಲವೆ ಹಲಗೆ ಹಾಸಿ ಗಾದಿ ಹಾಕಿಕೊಳ್ಳಲಿ. ಬರೀ ನೆಲವೇ ಉತ್ತಮ ಎಂಬುದು ಎಲ್ಲರಿಗೂ ಹೊಂದುವ ಮಾತಲ್ಲ. ಮಗ್ಗುಲಾಗಿ ಮಲಗುವವರು ಮೊಣಕಾಲ ನಡುವೆ ಒಂದು ತಲೆದಿಂಬು ಇಟ್ಟುಕೊಂಡರೆ ನಡ ತಿರುಚುವುದಿಲ್ಲ.

ಮುಟ್ಟು ನಿಂತ ಹೆಂಗಸರ ಮೂಳೆಗಳು ತೆಳುವಾಗುತ್ತ ಹೋಗುತ್ತವೆ. ಒಂದು ಕೊಡ ನೀರು ಎತ್ತಿದ್ದಕ್ಕೇ ಬೆನ್ನಿನ ಮೂಳೆ ಕುಸಿಯಬಹುದು, ಎಷ್ಟೋ ಸಲ ಅದು ಗೊತ್ತೂ ಆಗುವುದಿಲ್ಲ. ಅವ್ವ ಮೊದಲಿಗಿಂತ ಗಿಡ್ಡವಾಗಿದ್ದಾಳೆ, ಡುಬ್ಬ ಬೇಗ ಬೇಗ ಬಾಗುತ್ತಿದೆ ಎನ್ನಿಸಿದರೆ ವಯಸ್ಸೆಂದು ಕೈಬಿಡದೆ ವೈದ್ಯರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆ ಇದೆ.

ಶಾಲೆಯ ಮಕ್ಕಳು

ಮಕ್ಕಳ ಚೀಲದ ತೂಕಕ್ಕೆ ಕರ್ನಾಟಕ ಸರ್ಕಾರ 2019ರಲ್ಲೇ ಮಿತಿ ಹಾಕಿದೆ: 1-2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕಿಲೋ. ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು ಎನ್ನುತ್ತದೆ ಕೇಂದ್ರದ 2020ರ ನೀತಿ. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಎರಡೂ ಪಟ್ಟಿ ಭುಜಕ್ಕೆ ಇರಲಿ, ಚೀಲ ಕುಂಡಿಯ ಕೆಳಗೆ ಜೋತಾಡದಿರಲಿ.

ಚೀಲಕ್ಕಿಂತ ಹೆಚ್ಚು ಹೊತ್ತು ಮಕ್ಕಳ ಬೆನ್ನನ್ನು ಬಾಗಿಸುವುದು ನೆಲದ ಮೇಲಿಟ್ಟ ನೋಟ್‌ಬುಕ್. ಹಳೆಯ ಅಡತಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತ ಗುಮಾಸ್ತರ ಮುಂದೆ ಒಂದು ಗಿಡ್ಡ ಓರೆ ಡೆಸ್ಕು ಇರುತ್ತಿತ್ತು. ಲೆಕ್ಕದ ಪುಸ್ತಕ ಕಣ್ಣಿನ ಕಡೆಗೆ ವಾಲಿರುತ್ತಿದ್ದುದರಿಂದ ದಿನವೆಲ್ಲ ಬರೆದರೂ ಗೋಣು ಹೆಚ್ಚು ತಗ್ಗಬೇಕಿರಲಿಲ್ಲ. ಅಂಥ ಡೆಸ್ಕನ್ನು ಊರಿನ ಬಡಿಗೇರ ಒಂದು ದಿನದಲ್ಲಿ ಮಾಡಿಕೊಡಬಲ್ಲ. ನೆಲದ ಮೇಲೆ ಕುಳಿತು ಓದುವ ಪ್ರತಿ ಮಗುವಿಗೂ ಅದು ಬೇಕು ಎಂದೇ ನನ್ನ ಅಭಿಪ್ರಾಯ. ಡೆಸ್ಕು ಇದ್ದೂ ಮಗು ಪುಸ್ತಕಕ್ಕೆ ಮೂಗು ತಾಗಿಸುತ್ತಿದ್ದರೆ ಬೈಯುವ ಮೊದಲು ಕಣ್ಣು ತೋರಿಸಿ, ದೃಷ್ಟಿದೋಷವಿರಬಹುದು.

ಹತ್ತು-ಹನ್ನೆರಡರ ನಂತರ ಹುಡುಗಿಯರು ಮೈ ಬೆಳೆಯುವ ನಾಚಿಕೆಗೆ, ಉದ್ದ ಬೆಳೆದವರು ಗೆಳತಿಯರ ಸಮ ಕಾಣಲು ಭುಜ ಮುಂದಕ್ಕೆ ಎಳೆದುಕೊಂಡು ನಡೆಯುತ್ತಾರೆ. ಇದಕ್ಕೆ ಬೈಗುಳದಿಂದ ಉಪಯೋಗವಿಲ್ಲ. ತಾಯಿಯೋ ಅಕ್ಕನೋ ಅಂಜಿಕೆ ಬಿಡಿಸುವ ನಾಲ್ಕು ಮಾತು ಆಡಬೇಕು. ಇದೇ ವಯಸ್ಸಿನಲ್ಲಿ ಬೆನ್ನು ಪಕ್ಕಕ್ಕೆ ಸೊಟ್ಟಗಾಗುವ ತೊಂದರೆಯೂ ಶುರುವಾಗಬಹುದು. ಮಗುವನ್ನು ಕಾಲು ಜೋಡಿಸಿ ಮುಂದಕ್ಕೆ ಬಾಗಿಸಿ, ಹಿಂದಿನಿಂದ ನೋಡಿ. ಒಂದು ಪಕ್ಕದ ಪಕ್ಕೆಲುಬು ಇನ್ನೊಂದಕ್ಕಿಂತ ಎದ್ದು ಕಂಡರೆ ಮೂಳೆ ವೈದ್ಯರ ಹತ್ತಿರ ಹೋಗಬೇಕು. ಅದು ಕೂರುವ ರೀತಿಯಿಂದ ಬಂದದ್ದಲ್ಲ, ಬೇಗ ಕಂಡರೆ ತಡೆಯುವುದು ಸುಲಭ.

ಮೊಬೈಲಿನ ಬಗ್ಗೆ ಒಂದು ಲೆಕ್ಕವಿದೆ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. 15 ಡಿಗ್ರಿ ತಗ್ಗಿಸಿದರೆ ಗೋಣಿನ ಮೇಲೆ 12 ಕಿಲೋದಷ್ಟು, 60 ಡಿಗ್ರಿ ತಗ್ಗಿಸಿದರೆ 27 ಕಿಲೋದಷ್ಟು ಭಾರ ಬೀಳುತ್ತದೆ ಎಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಮೊಬೈಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಕೈ ಬೇಗ ಸೋಲುತ್ತದೆ, ಅಷ್ಟರಮಟ್ಟಿಗೆ ನೋಡುವ ಹೊತ್ತೂ ಕಡಿಮೆಯಾಗುತ್ತದೆ.

ಉಸಿರಿಗೂ ಬೆನ್ನಿಗೂ ಇರುವ ನಂಟನ್ನು ಹಾಡುಗಾರರು ಬಲ್ಲರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳೂ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನಲ್ಲೇ ಹುಟ್ಟಿದವರು. ಆ ಪರಂಪರೆಯಲ್ಲಿ ತಂಬೂರಿ ಹಿಡಿದು ಕುಳಿತವರ ಬೆನ್ನು ನೋಡಿ. ಕುಸಿದು ಕೂತರೆ ಪಕ್ಕೆಲುಬು ಅರಳುವುದಿಲ್ಲ, ವಪೆ ಇಳಿಯುವುದಿಲ್ಲ, ಉಸಿರು ಸಾಲದೆ ಸ್ವರ ನಿಲ್ಲುವುದಿಲ್ಲ. ಮಕ್ಕಳಿಗೆ ಭಜನೆ ಕಲಿಸುವ ಮಠ, ಗುಡಿಗಳು ನಮ್ಮಲ್ಲಿ ಇನ್ನೂ ಇವೆ. ಬೆನ್ನಿಗೂ ಅದು ಒಳ್ಳೆಯ ಪಾಠ.

ಗಟ್ಟಿಯಾಗಬೇಕಾದ ಸ್ನಾಯುಗಳು

ದಿನವೆಲ್ಲ ದುಡಿಯುವವರಿಗೆ ವ್ಯಾಯಾಮ ಯಾಕೆ ಎಂದು ಕೇಳುವವರುಂಟು. ಹೊಲದ ದುಡಿಮೆ ಮುಂದಕ್ಕೆ ಬಾಗಿಸುತ್ತದೆ, ಅದಕ್ಕೆ ಎದುರಾದ ಚಲನೆ ದಿನದಲ್ಲಿ ಸಿಗುವುದೇ ಇಲ್ಲ. ಅದನ್ನು ಬೇಕೆಂದೇ ಕೊಡಬೇಕು. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ, ಅಂಗಾತ ಮಲಗಿ ಕುಂಡಿ ಎತ್ತುವ ಸೇತುಬಂಧಾಸನ, ಮಂಡಿ-ಅಂಗೈ ಊರಿ ಬೆನ್ನನ್ನು ಮೇಲೆ ಕೆಳಗೆ ಮಾಡುವ ಮಾರ್ಜಾಲಾಸನ ಈ ಮೂರನ್ನು ಹತ್ತತ್ತು ಸಲ, ಸಂಜೆಯ ಹೊತ್ತು ಮಾಡಿದರೆ ಬಹುಪಾಲು ಸಾಕು. ಗೋಣಿಗೆ, ಗೋಡೆಗೆ ಒರಗಿ ನಿಂತು ಗದ್ದವನ್ನು ತಗ್ಗಿಸದೆ ಹಿಂದಕ್ಕೆ ಎಳೆದುಕೊಂಡು ಐದು ಎಣಿಸಿ ಬಿಡಿ. ಗರಡಿಮನೆಯ ಬೈಠಕ್ ತೊಡೆಗಳನ್ನು ಗಟ್ಟಿ ಮಾಡುತ್ತದೆ. ತೊಡೆ ಗಟ್ಟಿಯಿದ್ದವರು ಚೀಲ ಎತ್ತುವಾಗ ನಡದ ಮೇಲೆ ಭಾರ ಹಾಕುವುದಿಲ್ಲ.

ಮೈ ಬಗ್ಗದವರು ಅಂಜಬೇಕಾಗಿಲ್ಲ. ಗೋಡೆ, ಹಗ್ಗ, ಕುರ್ಚಿಗಳ ಆಸರೆಯಿಂದ ರೋಗಿಗಳಿಗೂ ಮುದುಕರಿಗೂ ಆಸನ ಸಾಧ್ಯವೆಂದು ಜಗತ್ತಿಗೆ ತೋರಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನವರು. ಹದಿಹರೆಯದಲ್ಲಿ ಅವರು ಪಾಠ ಹೇಳತೊಡಗಿದ್ದು ನಮ್ಮ ಧಾರವಾಡದಲ್ಲಿ, ಹೆಣ್ಣುಮಕ್ಕಳಿಗೆ.

ವೈದ್ಯರ ಬಳಿಗೆ ಯಾವಾಗ

ನಡನೋವು ಬಹುತೇಕ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಪೂರ್ತಿ ಮಲಗಿಬಿಡುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದು ಮೇಲು. ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದು ಜೋಮು ಹಿಡಿದರೆ, ಕಾಲು ಎಳೆಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿ ನಿದ್ದೆಗೆಡಿಸುವ ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿ ಸಿಗುತ್ತದೆ. ಬಿದ್ದ ಮೇಲೆ ಹಿರಿಯರಿಗೆ ಬಂದ ಬೆನ್ನುನೋವನ್ನೂ ಕಡೆಗಣಿಸಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅಲ್ಲಿಂದ ಹಾವೇರಿ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ, ಈಗ ಕೆಎಂಸಿ-ಆರ್‌ಐ ಎಂದು ಹೆಸರು ಬದಲಾದ ಕಿಮ್ಸ್‌ಗೋ ಕಳಿಸುತ್ತಾರೆ. ಅಲ್ಲಿಯವರೆಗೆ ನಡ ತುಳಿಸುವುದು, ಗೋಣು ಲಟಕ್ ಅನ್ನಿಸುವುದು ಮಾಡಬೇಡಿ. ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಕೇಡು.

ಕೊನೆಯದಾಗಿ ಹೊಲದ ಮಾಲೀಕರಲ್ಲಿ ಒಂದು ವಿನಂತಿ. ಬೀಜ, ಗೊಬ್ಬರದ ಪಟ್ಟಿ ಬರೆಯುವಾಗ ಅದರಲ್ಲಿ ಉದ್ದ ಹಿಡಿಯ ಎರಡು ಎಡೆಕುಂಟೆಗಳನ್ನೂ ಸೇರಿಸಿ. ಕೊಳ್ಳಲಾಗದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ಅಲ್ಲಿ ಟ್ರ್ಯಾಕ್ಟರ್, ರೋಟವೇಟರ್‌ಗಳ ಜೊತೆ ಕೈಯಿಂದ ನೂಕುವ ಹತಾರಗಳನ್ನೂ ಇಡಿ ಎಂದು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮುಂದಿನ ಮುಂಗಾರಿನ ಕಸ ಬರುವ ಮೊದಲೇ ಕೇಳಿ.